ಗೂಡುದೀಪಕ್ಕೆ ಬೆಲೆಪಟ್ಟಿ ಏಕೆ?

ದೀಪಾವಳಿಯು ಜೈನರಿಗೆ ಭಗವಾನ್ ಮಹಾವೀರರ ನಿರ್ವಾಣದ ಪರ್ವ. ಕ್ರಿ.ಪೂ. 527ರಲ್ಲಿ ಪಾವಾಪುರಿಯಲ್ಲಿ ಅವರು ದೇಹದ ಬಂಧನವನ್ನೂ ಕಳಚಿ ಮುಕ್ತರಾದರೆಂಬುದು ಪರಂಪರೆಯ ನಂಬಿಕೆ. ಕ್ರಿ.ಶ. 783ರಲ್ಲಿ ಜಿನಸೇನಾಚಾರ್ಯರು ರಚಿಸಿದ ಹರಿವಂಶ ಪುರಾಣವು ಈ ಹಬ್ಬದ ದೀಪಗಳನ್ನು ಆ ನಿರ್ವಾಣದೊಡನೆಯೇ ಜೋಡಿಸುತ್ತದೆ. ಸರ್ವಸ್ವವನ್ನೂ ತೊರೆದವರ ಸ್ಮರಣೆಗೆಂದು ಮನೆಗೆ ಇನ್ನಷ್ಟು ಸರಕನ್ನು ಕೊಂಡುತರುವುದು ವಿಚಿತ್ರವಾದ ಭಕ್ತಿ. ಮನೆಯಲ್ಲೇ ಕಟ್ಟಬಹುದಾದ ಗೂಡುದೀಪವನ್ನೂ ಅಂಗಡಿಯಿಂದ ತರುವ ಅಭ್ಯಾಸವು ಈ ವೈಚಿತ್ರ್ಯದ ಎದ್ದುಕಾಣುವ ಕುರುಹು.

ಮಂಗಳೂರಿನಿಂದ ಮೂಡುಬಿದಿರೆ, ಕಾರ್ಕಳಗಳ ಬಸದಿಗಳಿಗೆ ಹೊರಟವರು ರಾಷ್ಟ್ರೀಯ ಹೆದ್ದಾರಿ 169ರಲ್ಲಿ ಕುಲಶೇಖರವನ್ನು ಹಾದುಹೋಗುತ್ತಾರೆ. ಆಶ್ವಯುಜದ ಕೊನೆಯಲ್ಲಿ ಅಲ್ಲಿಯ ಮನೆಗಳ ಮುಂದೆ ಗೂಡುದೀಪ ತೂಗುತ್ತದೆ. ಡಿಸೆಂಬರ್ ಬಂತೆಂದರೆ, 1873ರಲ್ಲಿ ಸ್ಥಾಪನೆಯಾದ ಹೋಲಿ ಕ್ರಾಸ್ ಚರ್ಚಿನ ಆಸುಪಾಸಿನ ಕ್ರೈಸ್ತರ ಮನೆಗಳಲ್ಲಿ ನಕ್ಷತ್ರ ತೂಗುತ್ತದೆ. ಕೈಯಿಂದ ಮಾಡುವುದಾದರೆ ಎರಡಕ್ಕೂ ಬೇಕಾದುದು ಒಂದೇ: ಒಣಬಿದಿರಿನ ಕಡ್ಡಿ, ನೂಲು, ಬಣ್ಣದ ಕಾಗದ, ಮೈದಾ ಅಂಟು. ಮತ ಬೇರೆ, ಕೈಗೆಲಸ ಒಂದೇ. ಈಗ ಅವೆರಡೂ ಪ್ಲಾಸ್ಟಿಕ್ಕಿನ ರೂಪ ತಾಳಿ ಪೇಟೆಯಲ್ಲಿ ಸಿದ್ಧವಾಗಿ ಸಿಗುತ್ತವೆ. ಕೈಗೆ ಕೆಲಸವೇ ಇಲ್ಲ.

ಆ ಕೆಲಸವಾದರೂ ಎಷ್ಟು ಕಠಿನ? ಒಂದು ಸರಳ ಮಾದರಿಗೆ ಸಮಾನ ಅಳತೆಯ 24 ಕಡ್ಡಿಗಳು ಸಾಕು. ನಾಲ್ಕು ನಾಲ್ಕರಂತೆ ಕಟ್ಟಿದರೆ ಆರು ಚೌಕಗಳಾಗುತ್ತವೆ. ಅವುಗಳನ್ನು ಮೂಲೆಗೆ ಮೂಲೆ ಸೇರಿಸಿ ಬಿಗಿದರೆ ನಡುವೆ ಎಂಟು ತ್ರಿಕೋನಗಳು ತಾವಾಗಿ ಮೂಡುತ್ತವೆ. ಚೌಕಕ್ಕೊಂದು ಬಣ್ಣ, ತ್ರಿಕೋನಕ್ಕೊಂದು ಬಣ್ಣ, ಕೆಳಗೆ ಕಾಗದದ ಬಾಲಂಗೋಚಿ. 24 ಎಂಬ ಸಂಖ್ಯೆಯನ್ನು ಜೈನ ಮಕ್ಕಳಿಗೆ ಎರಡು ಸಲ ಹೇಳಬೇಕಾಗಿಲ್ಲ. ಮರುವರ್ಷ ಚೌಕಟ್ಟು ಅದೇ, ಕಾಗದ ಮಾತ್ರ ಹೊಸದು.

ಅಂಗಡಿಯದೇ ಅಗ್ಗ, ಕೈಯಿಂದ ಮಾಡುವುದು ಸಮಯದ ಪೋಲು ಎಂದು ವಾದಿಸುವವರುಂಟು. ಇದು ಅರ್ಧ ಲೆಕ್ಕ. ಖರೀದಿಯನ್ನು ಬರೆದು ವಿಲೇವಾರಿಯನ್ನು ಬಿಟ್ಟ ಖಾತೆಯನ್ನು ಯಾವ ವರ್ತಕನೂ ಒಪ್ಪಲಾರ. ಹಬ್ಬ ಮುಗಿದ ಮೇಲೆ ಪ್ಲಾಸ್ಟಿಕ್ಕು ಚರಂಡಿಯನ್ನು ಸೇರುತ್ತದೆ, ಬೆಂಕಿಗೆ ಬಿದ್ದು ವಿಷದ ಹೊಗೆಯಾಗುತ್ತದೆ, ಇಲ್ಲವೇ ಬೀದಿಯ ದನದ ಹೊಟ್ಟೆಯನ್ನು ಹೊಗುತ್ತದೆ. ಆ ಹಿಂಸೆಯ ಮೊತ್ತವನ್ನು ಯಾರ ಹೆಸರಿಗೆ ಬರೆಯುವುದು? ಮಕ್ಕಳೊಡನೆ ಕಡ್ಡಿ ಕಟ್ಟುತ್ತ ಕಳೆದ ಮಧ್ಯಾಹ್ನವನ್ನು ನಷ್ಟವೆಂದು ಬರೆಯುವುದಾದರೆ, ಲಾಭದ ಬದಿಗೆ ಬರೆಯಲು ಉಳಿದುದಾದರೂ ಏನು? ಕೈಲಾಗದವರು ಕೊಳ್ಳಲಿ, ಆದರೆ ಬಿದಿರು ಸೀಳಿ ಕೈಯಾರೆ ಗೂಡು ಕಟ್ಟುವವನಿಂದ ಕೊಳ್ಳಲಿ. ಆ ಹಣ ಒಂದು ಒಲೆಯನ್ನು ಉರಿಸುತ್ತದೆ.

ದೀಪ ಹಚ್ಚುವುದೇ ಜೀವಹಿಂಸೆ, ಅದಕ್ಕೆ ಅಲಂಕಾರ ಬೇರೆಯೇಕೆ ಎಂಬುದು ಇನ್ನೊಂದು ಆಕ್ಷೇಪ. ಇದು ಗಂಭೀರವಾದುದು, ನಕ್ಕು ತಳ್ಳಿಹಾಕತಕ್ಕದ್ದಲ್ಲ. ಆದರೆ ಬರಿಯ ಹಣತೆಯ ಜ್ವಾಲೆಗೆ ಪತಂಗವು ನೇರವಾಗಿ ಬೀಳುತ್ತದೆ. ಗೂಡಿನ ಕಾಗದ ಅದನ್ನು ಬಹುಮಟ್ಟಿಗೆ ತಡೆಯುತ್ತದೆ. ಒಳಗೆ ಕಡಿಮೆ ಕಾವಿನ ಸಣ್ಣ ಎಲ್‌ಇಡಿ ಬಲ್ಬನ್ನಿಟ್ಟು, ಮಲಗುವ ಮುನ್ನ ಆರಿಸಿದರೆ ಹಿಂಸೆ ಇನ್ನೂ ಕುಗ್ಗುತ್ತದೆ. ಗೃಹಸ್ಥನಿಗೆ ಆರಂಭೀ ಹಿಂಸೆ ಪೂರ್ತಿಯಾಗಿ ತಪ್ಪದು. ಎಚ್ಚರದಿಂದ ಅದನ್ನು ಕುಗ್ಗಿಸುವುದೇ ಅವನ ಪಾಲಿನ ಯತ್ನಾಚಾರ. ಇರುಳೆಲ್ಲ ಉರಿಯುವ ವಿದ್ಯುದ್ದೀಪಗಳ ಸಾಲಿನಲ್ಲಿ ಆ ಎಚ್ಚರವೆಲ್ಲಿ?

ಇನ್ನು ಬಸದಿಗಳ ಆಡಳಿತ ಮಂಡಳಿಗಳ ಮಾತು. ಉತ್ಸವದ ವೈಭವವೇ ಧರ್ಮಪ್ರಭಾವನೆ ಎಂಬ ಸಮರ್ಥನೆ ಅಲ್ಲಲ್ಲಿ ಕೇಳಿಬರುತ್ತದೆ. ರತ್ನಕರಂಡಕ ಶ್ರಾವಕಾಚಾರದಲ್ಲಿ ಸಮಂತಭದ್ರಾಚಾರ್ಯರು ಪ್ರಭಾವನೆಯನ್ನು ಕೂಡಿಸಿರುವುದು ಅಜ್ಞಾನವನ್ನು ನೀಗುವ ಕಾರ್ಯದೊಡನೆ. ಥರ್ಮೋಕೋಲಿನ ಕಮಾನಿನೊಡನೆ ಅಲ್ಲ. ಅಲಂಕಾರಕ್ಕಾಗಿ ಥರ್ಮೋಕೋಲನ್ನು ತಯಾರಿಸುವುದು, ಮಾರುವುದು, ಬಳಸುವುದು 2022ರ ಜುಲೈ 1ರಿಂದ ದೇಶದಾದ್ಯಂತ ನಿಷಿದ್ಧ. ಸರಕಾರದ ಅಧಿಸೂಚನೆ ಬರುವ ಮೊದಲೇ ಅಹಿಂಸಾಧರ್ಮದವರು ಅದನ್ನು ತ್ಯಜಿಸಿರಬೇಕಿತ್ತು. ನಿಷೇಧದ ಬಳಿಕವೂ ಗುತ್ತಿಗೆದಾರನ ಹೆಸರಿನಲ್ಲಿ ಅದು ಬಸದಿಯ ಅಂಗಳಕ್ಕೆ ಬಂದರೆ ಅದನ್ನು ಪ್ರಮಾದವೆನ್ನದೆ ಬೇರೇನೆನ್ನಬೇಕು?

ಕುದ್ರೋಳಿ ಶ್ರೀ ಗೋಕರ್ಣನಾಥ ಕ್ಷೇತ್ರದಲ್ಲಿ ನಡೆದುಬಂದ ಗೂಡುದೀಪ ಸ್ಪರ್ಧೆಯು ಸಾಂಪ್ರದಾಯಿಕ ಗೂಡುದೀಪಗಳಿಗೆ ಪ್ರತ್ಯೇಕ ವಿಭಾಗವನ್ನಿರಿಸಿ ಈ ಕೈಗೆಲಸಕ್ಕೆ ಮನ್ನಣೆ ನೀಡಿದೆ. ಬಸದಿಗಳು ಇನ್ನೂ ಒಂದು ಹೆಜ್ಜೆ ಮುಂದಿಡಬಹುದು. ದೀಪಾವಳಿಗೆ ಮುಂಚಿನ ಒಂದು ಭಾನುವಾರ ಸಭಾಭವನವನ್ನು ಮಕ್ಕಳಿಗೂ ಹಿರಿಯರಿಗೂ ತೆರೆದಿಟ್ಟು ಬಿದಿರು, ಕಾಗದ, ನೂಲನ್ನು ಒದಗಿಸಲಿ. ಬಹುಮಾನ ಬೇಡ, ಬಹುಮಾನವಿದ್ದಲ್ಲಿ ಹಣವಂತರ ಗೂಡೇ ದೊಡ್ಡದಾಗುತ್ತದೆ. ಅಲಂಕಾರದ ಗುತ್ತಿಗೆಯಲ್ಲಿ ಉಳಿದ ಹಣ ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಕ್ಕೆ ಸಲ್ಲಲಿ. ವಾರ್ಷಿಕ ಲೆಕ್ಕಪತ್ರದಲ್ಲಿ ಅದು ಪ್ರತ್ಯೇಕವಾಗಿ ನಮೂದಾಗಲಿ.

ಪರಿಗ್ರಹ ಪರಿಮಾಣವು ಶ್ರಾವಕನ ಅಣುವ್ರತಗಳಲ್ಲೊಂದು. ಅದನ್ನು ದೊಡ್ಡ ಆಸ್ತಿಗಳ ವಿಷಯವೆಂದು ಬದಿಗಿರಿಸಿದವರು ಅಂಗಡಿಯ ಮುಂದೆ ಒಂದು ಕ್ಷಣ ನಿಂತು, ಇದು ಮನೆಯಲ್ಲಿ ಆಗದ ಕೆಲಸವೇ ಎಂದು ಕೇಳಿಕೊಳ್ಳಲಿ. ಆಗುವುದಾದರೆ ಕೈ ಜೇಬಿಗೆ ಹೋಗಬೇಕಾಗಿಲ್ಲ, ಬಿದಿರಿಗೆ ಹೋಗಲಿ.