ಟ್ರೇಲರಿನ ಗಾಳಿಯೂ ಗಾಡಿಯ ವೇಗವೂ

ಕಬ್ಬಿನ ಕಟಾವು ಮೊದಲಾಯಿತೆಂದರೆ ಮಂಡ್ಯ, ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ರಸ್ತೆಗಳಲ್ಲಿ ಟ್ರ್ಯಾಕ್ಟರುಗಳು ಹಗಲಿರುಳೆನ್ನದೆ ಕಾರ್ಖಾನೆಗಳ ಕಡೆಗೆ ಸಾಲುಗಟ್ಟಿ ನಡೆಯುವುದು ಸರ್ವವೇದ್ಯವಾದ ಸಂಗತಿಯಾಗಿದೆ. ಅಚ್ಚಿಗೆ ಕೀಲೆಣ್ಣೆ ಹಾಕದೆ ಎತ್ತಿನ ಗಾಡಿಯನ್ನು ಹೂಡದಿದ್ದ ಮನೆತನಗಳಲ್ಲಿಯೇ ಈಗ ಟ್ರೇಲರಿನ ಟೈರಿನಲ್ಲಿ ಗಾಳಿ ಎಷ್ಟಿದೆಯೆಂಬುದನ್ನು ಅಳೆಯದೆ ಹೊರಡುವ ರೂಢಿ ಬೆಳೆದಿರುವುದು ಶೋಚನೀಯವಾದುದು.

ಟೈರನ್ನು ಕಾಲಿನಿಂದ ಒದ್ದು ಗಾಳಿ ಸಾಕೆಂದು ತೀರ್ಮಾನಿಸುವವರು ಬಹುಮಂದಿ. ಇದು ಪರೀಕ್ಷೆಯೇ ಅಲ್ಲ. ಹೊರುವ ಭಾರವನ್ನು ಟೈರಿನ ರಬ್ಬರಿಗಿಂತ ಹೆಚ್ಚಾಗಿ ಅದರೊಳಗಿನ ಗಾಳಿಯೇ ಹೊರುತ್ತದೆ. ಗಾಳಿ ಕಡಿಮೆಯಾದರೆ ಟೈರಿನ ಪಕ್ಕಗಳು ಪ್ರತಿ ಸುತ್ತಿಗೂ ಬಾಗಿ ಚೇತರಿಸಿಕೊಳ್ಳುತ್ತ ಕಾಯುತ್ತವೆ. ಕಾವೇರಿದಂತೆ ಒಳಪದರಗಳು ಒಂದರಿಂದೊಂದು ಬಿಡುತ್ತವೆ. ಕಡೆಗೆ ಟೈರು ಸಿಡಿಯುತ್ತದೆ. ಒಂದು ಪಕ್ಕದ ಟೈರು ಸಿಡಿದಾಗ ಎತ್ತರವಾಗಿ ಪೇರಿಸಿದ ಕಬ್ಬು ಆ ಕಡೆಗೇ ವಾಲಿ ಟ್ರೇಲರನ್ನು ಉರುಳಿಸುವುದು. ಪಕ್ಕದಲ್ಲಿ ಸೈಕಲ್ಲಿನ ಮೇಲೆ ಹೋಗುತ್ತಿರುವ ಹುಡುಗನು ಇದನ್ನು ಮುಂದಾಗಿ ತಿಳಿಯುವ ಬಗೆಯಿಲ್ಲ.

ಟ್ರ್ಯಾಕ್ಟರಿನ ಹಿಂದಿನ ದೊಡ್ಡ ಟೈರುಗಳಿಗೆ ಸಾಮಾನ್ಯವಾಗಿ ಚದರಂಗುಲಕ್ಕೆ 12ರಿಂದ 20 ಪೌಂಡಿನಷ್ಟು ಒತ್ತಡವೇ ಸಾಕಾಗುವುದು. ಟ್ರೇಲರಿನ ಟೈರಿಗೆ ಇದರ ಹಲವು ಪಾಲು ಬೇಕು. ಎರಡಕ್ಕೂ ಒಂದೇ ಅಂದಾಜಿನಲ್ಲಿ ಗಾಳಿ ತುಂಬುವುದು ದೊಡ್ಡ ತಪ್ಪು. ಎಷ್ಟು ಭಾರಕ್ಕೆ ಎಷ್ಟು ಒತ್ತಡವೆಂಬುದು ಟೈರಿನ ಪಕ್ಕದಲ್ಲಿ ಅಚ್ಚಾಗಿರುತ್ತದೆ. ಅಳತೆಯನ್ನು ಹೊರಡುವ ಮುನ್ನ, ಟೈರು ತಣ್ಣಗಿರುವಾಗಲೇ ನೋಡತಕ್ಕದ್ದು. ದಾರಿಯಲ್ಲಿ ಕಾದ ಟೈರಿನ ಒತ್ತಡ ಏರಿರುವುದನ್ನು ಕಂಡು ಗಾಳಿ ಬಿಡುವವರು ಅದು ತಣಿದ ಮೇಲೆ ಕೊರತೆಯಾಗುವುದನ್ನು ಮರೆಯುವರು.

ಇನ್ನು ವೇಗದ ಮಾತು. ಬಹುಪಾಲು ಟ್ರ್ಯಾಕ್ಟರುಗಳಲ್ಲಿ ಬ್ರೇಕು ಹಿಂದಿನ ಚಕ್ರಗಳಿಗೆ ಮಾತ್ರ. ಅನೇಕ ಟ್ರೇಲರುಗಳಿಗಂತೂ ಬ್ರೇಕೇ ಇಲ್ಲ. ವೇಗವು ಇಮ್ಮಡಿಯಾದರೆ ಬ್ರೇಕು ಒತ್ತಿದ ಮೇಲೆ ಗಾಡಿ ಓಡುವ ದೂರವು ಸುಮಾರು ನಾಲ್ಮಡಿಯಾಗುವುದು. ಹಿಂದಿನ ಭಾರವು ಟ್ರ್ಯಾಕ್ಟರನ್ನು ನೂಕಿ ಓರೆಯಾಗಿ ಮಡಚುವುದೂ ಉಂಟು. ಎಡಬಲದ ಎರಡು ಬ್ರೇಕು ಪೆಡಲುಗಳನ್ನು ರಸ್ತೆಗಿಳಿಯುವ ಮೊದಲು ಕೊಂಡಿಯಿಂದ ಜೋಡಿಸದಿದ್ದರೆ ಅಪಾಯ ಮತ್ತಷ್ಟು ಹೆಚ್ಚು. ಬ್ರೇಕಿಲ್ಲದ ತುಂಬಿದ ಟ್ರೇಲರನ್ನು ಗಂಟೆಗೆ 20 ಕಿಲೋಮೀಟರಿಗಿಂತ ವೇಗವಾಗಿ ಎಳೆಯದಿರುವುದೇ ಯುಕ್ತ. ಇಳಿಜಾರಿನಲ್ಲಿ ಅದಕ್ಕೂ ಕಡಿಮೆ, ಅದೂ ಗೇರಿನಲ್ಲಿಯೇ. ಎಣ್ಣೆ ಉಳಿಸಲೆಂದು ಗೇರು ತಪ್ಪಿಸಿ ಬಿಡುವುದು ಅವಿವೇಕದ ಪರಮಾವಧಿ.

ಹತ್ತು ಕಿಲೋಮೀಟರಿನ ದಾರಿಯನ್ನು 20ರ ಬದಲು 30ರ ವೇಗದಲ್ಲಿ ಹೋದರೆ ಉಳಿಯುವುದು ಹತ್ತೇ ನಿಮಿಷ. ಕಾರ್ಖಾನೆಯ ಬಾಗಿಲಲ್ಲಿ ಗಂಟೆಗಟ್ಟಲೆ ಕಾಯುವವರಿಗೆ ಈ ಲಾಭ ಯಾವ ಲೆಕ್ಕದ್ದು? ಆದರೂ ಚಾಲಕನು ಓಡಿಸುವನು. ಅವನನ್ನೇ ದೂರುವುದು ನ್ಯಾಯವಲ್ಲ. ಸರದಿಗೆ ಇಷ್ಟೆಂದು ಕೂಲಿ ಗೊತ್ತುಮಾಡಿ, ಹೇರಬಾರದಷ್ಟು ಹೇರಿಸಿ ಕಳುಹಿಸುವವರು ಯಜಮಾನರೇ. ಮಿತಿಮೀರಿದ ಹೇರಿಗೆ 20,000 ರೂಪಾಯಿ, ಹೆಚ್ಚಿನ ಪ್ರತಿ ಟನ್ನಿಗೆ ಮತ್ತೆ 2,000 ರೂಪಾಯಿ ದಂಡವನ್ನು ಮೋಟಾರು ವಾಹನಗಳ ಕಾನೂನಿನ 2019ರ ತಿದ್ದುಪಡಿಯು ಗೊತ್ತುಮಾಡಿದೆ. ಒತ್ತಡಮಾಪಕದ ಬೆಲೆ ಇದರ ಮುಂದೆ ಅತ್ಯಲ್ಪ. ಗ್ರಾಮದ ಮುಖಂಡರು ಕಟಾವಿಗೆ ಮುಂಚೆ ಬಾಡಿಗೆಯ ಮಾತಾಡುವಾಗಲೇ ದಿನಗೂಲಿಯ ಕ್ರಮವನ್ನೂ ಹೇರಿನ ಮಿತಿಯನ್ನೂ ಕರಾರಿನಲ್ಲಿ ಸೇರಿಸಬಹುದು.