ಹಳೆಯ ಕಡತ ಮತ್ತು ಕೀಲಿಗಳ ಪಾಠ

ಗ್ರಂಥಸಂಪಾದನೆಯ ಆಕರಗಳೆಂದು ತಾಳೆಯೋಲೆ, ಕಾಗದದ ಹಸ್ತಪ್ರತಿ ಮತ್ತು ಅಚ್ಚಿನ ಪ್ರತಿಗಳನ್ನು ನಾವು ಹೆಸರಿಸುತ್ತೇವೆ. ನಾಲ್ಕನೆಯದೊಂದು ಈಗ ಸೇರಿಕೊಂಡಿದೆ: ಯೂನಿಕೋಡ್ ಬಳಕೆಗೆ ಬರುವ ಮುನ್ನ ಗಣಕದಲ್ಲಿ ಸಿದ್ಧವಾದ ಕನ್ನಡ ಕಡತಗಳು. ಕೆಮ್ಮಣ್ಣಿನಂಥ ಕರಾವಳಿಯ ಊರಿನಲ್ಲಿ ಹಿರಿಯ ಅಧ್ಯಾಪಕರೊಬ್ಬರ ಸಂಗ್ರಹವನ್ನು ತೆರೆದರೆ ಓಲೆಯ ಕಟ್ಟಿನ ಪಕ್ಕದಲ್ಲಿ ಫ್ಲಾಪಿಗಳ ಡಬ್ಬವೂ ದೊರೆಯಬಹುದು. ಓಲೆಗೆ ಗೌರವ ಸಲ್ಲುತ್ತದೆ. ತೇವಕ್ಕೆ ಬೂಷ್ಟು ಹಿಡಿದ ಫ್ಲಾಪಿ ಗುಜರಿಗೆ ಹೋಗುತ್ತದೆ. ಈ ಭೇದ ಉಚಿತವಲ್ಲ.

ಆ ಕಾಲದ ಬಹುಪಾಲು ತಂತ್ರಾಂಶಗಳು ಅಕ್ಷರವನ್ನು ಅಕ್ಷರವಾಗಿ ಉಳಿಸದೆ, ಅದರ ರೂಪದ ತುಣುಕುಗಳನ್ನು ತಮ್ಮದೇ ಫಾಂಟಿನ ಸಂಕೇತಗಳಲ್ಲಿ ಉಳಿಸುತ್ತಿದ್ದವು. ಯೂನಿಕೋಡ್ 1991ರಲ್ಲಿಯೇ ಪ್ರಕಟವಾಗಿದ್ದರೂ ಕನ್ನಡದ ನಿತ್ಯಬಳಕೆಗೆ ಬಂದದ್ದು ಬಹಳ ತಡವಾಗಿ. ಆದುದರಿಂದ ಅಂಥ ಕಡತವನ್ನು ಇಂದಿನ ಗಣಕದಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣುತ್ತದೆ. ಮೂಲಪಾಠವನ್ನು ಮೂಲರೂಪದಲ್ಲಿ ನೋಡಬೇಕಾದರೆ ಮೂಲ ತಂತ್ರಾಂಶವನ್ನೇ ಎಮ್ಯುಲೇಟರಿನೊಳಗೆ ಓಡಿಸುವುದು ವಿಶ್ವಾಸಾರ್ಹ ಮಾರ್ಗ.

ತೊಡಕು ಆರಂಭವಾಗುವುದು ಕೀಲಿಮಣೆಯಲ್ಲಿ. ಒಂದೇ ಕೀಲಿಗೆ ಇಬ್ಬರು ಒಡೆಯರಾಗುತ್ತಾರೆ. ಡಾಸ್‌ಬಾಕ್ಸಿನಲ್ಲಿ ಕಂಟ್ರೋಲ್ ಮತ್ತು ಎಫ್9 ಒತ್ತಿದರೆ ಎಮ್ಯುಲೇಟರೇ ಮುಚ್ಚಿಹೋಗುತ್ತದೆ. ಒಳಗಿನ ತಂತ್ರಾಂಶ ಅದೇ ಕೀಲಿಗಳಿಗೆ ಬೇರೆ ಕೆಲಸ ಕೊಟ್ಟಿದ್ದರೆ ಉಳಿಸದ ಪಾಠವೆಲ್ಲ ನಷ್ಟ. ಪರಿಹಾರವೂ ಅಲ್ಲಿಯೇ ಇದೆ. ಕಂಟ್ರೋಲ್ ಮತ್ತು ಎಫ್1 ಒತ್ತಿದಾಗ ತೆರೆಯುವ ಕೀಲಿನಕ್ಷೆಯಲ್ಲಿ ಎಮ್ಯುಲೇಟರಿನ ಆಜ್ಞೆಗಳನ್ನು ಬೇರೆ ಕೀಲಿಗಳಿಗೆ ವರ್ಗಾಯಿಸಿ, ಆ ನಕ್ಷೆಯನ್ನು ಕಡತವಾಗಿ ಉಳಿಸಬಹುದು. ಕನ್ನಡ ಗಣಕ ಪರಿಷತ್ತಿನ 'ನುಡಿ'ಯಲ್ಲಿ ಕನ್ನಡ ಮತ್ತು ಇಂಗ್ಲಿಷಿನ ನಡುವೆ ಹೊರಳಲು ಸ್ಕ್ರೋಲ್ ಲಾಕ್ ಕೀಲಿ ಬೇಕು. ಇಂದಿನ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಆ ಕೀಲಿಯೇ ಇಲ್ಲ. ಹಳೆಯ ವಿಂಡೋಸನ್ನು ವರ್ಚುವಲ್‌ಬಾಕ್ಸಿನಲ್ಲಿ ಓಡಿಸುವವರು ಅದರ ತೆರೆಯ ಮೇಲಿನ ಕೀಲಿಮಣೆಯಿಂದ ಆ ಕೊರತೆಯನ್ನು ತುಂಬಿಕೊಳ್ಳಬಹುದು.

ಇಲ್ಲಿ ಒಂದು ನಿಯಮವನ್ನು ಪಾಲಿಸಬೇಕೆಂಬುದು ನನ್ನ ಅಭಿಪ್ರಾಯ: ಬದಲಾಗಬೇಕಾದದ್ದು ಎಮ್ಯುಲೇಟರಿನ ಕೀಲಿಗಳು, ಹಳೆಯ ತಂತ್ರಾಂಶದವಲ್ಲ. ನಮ್ಮ ಅನುಕೂಲಕ್ಕಾಗಿ ಒಳಗಿನ ವಿನ್ಯಾಸವನ್ನು ತಿದ್ದಿದರೆ ಸಾಕ್ಷ್ಯವೊಂದು ಅಳಿಯುತ್ತದೆ. ಕಿನ್ನಿಕಂಬಳದ ಕೆ. ಪಿ. ರಾವ್ ಅವರು ರೂಪಿಸಿದ ವಿನ್ಯಾಸವನ್ನೇ ನೋಡೋಣ. ಅದರಲ್ಲಿ 'ಟ'ಕಾರ ಕ್ಯೂ ಕೀಲಿಯಲ್ಲಿ, 'ಡ'ಕಾರ ಡಬ್ಲ್ಯೂ ಕೀಲಿಯಲ್ಲಿ, ಒತ್ತಕ್ಷರಕ್ಕೆ ಬೇಕಾದ ಹಲಂತ ಎಫ್ ಕೀಲಿಯಲ್ಲಿವೆ. ಲಿಪಿಕಾರನ ಕೈತಪ್ಪುಗಳನ್ನು ಅಕ್ಷರಗಳ ರೂಪಸಾಮ್ಯದಿಂದ ವಿವರಿಸುವಂತೆ, ಬೆರಳಚ್ಚಿನ ತಪ್ಪುಗಳನ್ನು ಕೀಲಿಗಳ ಸಾಮೀಪ್ಯದಿಂದ ವಿವರಿಸಬೇಕಾಗುತ್ತದೆ. 'ಟ' ಇರಬೇಕಾದಲ್ಲಿ 'ಡ' ಬಂದಿದ್ದರೆ ಅದು ಪಾಠಾಂತರವೋ, ಪಕ್ಕದ ಕೀಲಿಗೆ ಜಾರಿದ ಬೆರಳೋ ಎಂಬ ವಿವೇಚನೆಗೆ ಈ ವಿನ್ಯಾಸದ ಜ್ಞಾನವೇ ಆಧಾರ. ರಾವ್ ಅವರು ತಮ್ಮ ತಂತ್ರಾಂಶಕ್ಕೆ 'ಸೇಡಿಯಾಪು' ಎಂದು ಹೆಸರಿಟ್ಟರು. ಛಂದಸ್ಸು, ವ್ಯಾಕರಣಗಳಲ್ಲಿ ದುಡಿದ ಸೇಡಿಯಾಪು ಕೃಷ್ಣಭಟ್ಟರ ಸ್ಮರಣೆ ಅದರಲ್ಲಿದೆ. ಗಣಕವೂ ವಿದ್ವತ್ತೂ ಬೇರೆ ಬೇರೆ ಎಂದು ಆ ಹೆಸರು ಭಾವಿಸಿಲ್ಲ.

'ಎಲ್ಲವನ್ನೂ ಯೂನಿಕೋಡಿಗೆ ಪರಿವರ್ತಿಸಿದರೆ ಸಾಲದೇ?' ಎಂದು ಕೇಳುವವರಿದ್ದಾರೆ. ಪರಿವರ್ತನೆ ಅವಶ್ಯ, ಆದರೆ ಅದೂ ಒಂದು ಪ್ರತಿ ಮಾಡುವ ಕ್ರಿಯೆ, ಅಲ್ಲಿಯೂ ಸ್ಖಾಲಿತ್ಯ ಸಂಭವನೀಯ. ಹಳಗನ್ನಡದ ಱ ಮತ್ತು ೞ ಅಕ್ಷರಗಳ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಯೂನಿಕೋಡಿನಲ್ಲಿಯೇ ೞ ಅಕ್ಷರಕ್ಕೆ 'ಫ' ಎಂಬರ್ಥದ ತಪ್ಪು ಹೆಸರು ಬಿದ್ದಿತು. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮದಿಂದಾಗಿ ತಿದ್ದುಪಡಿಯನ್ನು ಪರ್ಯಾಯನಾಮವಾಗಿ ಸೇರಿಸಬೇಕಾಯಿತು. ಪಂಪನ ಕಾಲದ ಪಾಠದಲ್ಲಿ ೞ ಹೋಗಿ ಳ ಬಂದರೆ ನಷ್ಟ ಪ್ರಾಸಕ್ಕೂ ಹೌದು, ಭಾಷಾಚರಿತ್ರೆಗೂ ಹೌದು. ಪರಿವರ್ತಿತ ಪಾಠವನ್ನು ಮೂಲ ತಂತ್ರಾಂಶದ ತೆರೆಯೊಡನೆ ಹೋಲಿಸದೆ ಒಪ್ಪುವುದು, ಓಲೆಯನ್ನು ನೋಡದೆ ಪ್ರತಿಯನ್ನು ಅಚ್ಚಿಗೆ ಕೊಟ್ಟಂತೆ.

ಮೂಡುಬಿದಿರೆಯ ಬಸದಿಯಲ್ಲಿ ಉಳಿದ ಧವಲಾದ ತಾಳೆಯೋಲೆಗಳು ಕನ್ನಡ ಲಿಪಿಯಲ್ಲಿವೆ, ಭಾಷೆ ಪ್ರಾಕೃತ ಮತ್ತು ಸಂಸ್ಕೃತ. ಹೀರಾಲಾಲ ಜೈನರ ಸಂಪಾದನೆಯಲ್ಲಿ ಅದರ ಮೊದಲ ಸಂಪುಟ 1939ರಲ್ಲಿ ಹೊರಬರಲು ಸಾಧ್ಯವಾದದ್ದು ಓಲೆಗಳು ಉಳಿದುದರಿಂದ ಮಾತ್ರವಲ್ಲ, ಆ ಹಳೆಯ ಲಿಪಿಯನ್ನು ಓದಬಲ್ಲವರು ಉಳಿದುದರಿಂದ. ನಮ್ಮ ವಿಶ್ವವಿದ್ಯಾಲಯಗಳು ಮತ್ತು ಸಂಶೋಧನ ಕೇಂದ್ರಗಳು ವಿದ್ವಾಂಸರ ಕಡತಗಳನ್ನು ಸ್ವೀಕರಿಸುವಾಗ ಫಾಂಟು, ತಂತ್ರಾಂಶ, ಕೀಲಿನಕ್ಷೆ ಈ ಮೂರನ್ನೂ ಒಟ್ಟಿಗೆ ಕಾದಿಡಬೇಕು. ಅವನ್ನು ಬಳಸುವ ಕ್ರಮವನ್ನು ಹಸ್ತಪ್ರತಿಶಾಸ್ತ್ರದ ಪಠ್ಯದಲ್ಲಿ ಸೇರಿಸಬೇಕು. ಆ ಕೀಲಿಗಳ ಮೇಲೆ ಕೈಯಾಡಿಸಿದವರು ಇನ್ನೂ ನಮ್ಮ ನಡುವೆ ಇರುವಾಗಲೇ ಈ ಕೆಲಸ ನಡೆಯಬೇಕು.