ತಂಗಡಿಗೂ ತೋಟದಲ್ಲಿ ಜಾಗ ಕೊಡಿ
ಬಯಲುಸೀಮೆಯ ರಸ್ತೆಬದಿಯ ಕಲ್ಲುನೆಲದಲ್ಲಿ ಯಾರೂ ನೆಡದೆ, ಯಾರೂ ನೀರೆರೆಯದೆ ಹಳದಿ ಹೂ ಹೊದ್ದು ನಿಲ್ಲುವ ತಂಗಡಿ (ಆವರಿಕೆ ಅಂದರೂ ಇದೇ) ಊರೊಳಗಿನ ಕೈತೋಟಗಳಲ್ಲಿ ಮಾತ್ರ ಅಪರೂಪ. ಹಳದಿ ಹೂವಿನ ಪೊದೆ ಬೇಕೆಂದರೆ ನರ್ಸರಿಯವರು ಅಮೆರಿಕ ಖಂಡದಿಂದ ಬಂದ ಟೆಕೋಮಾವನ್ನೇ ಎತ್ತಿಕೊಡುತ್ತಾರೆ. ಪಕ್ಕದ ತೆಲಂಗಾಣ ತಂಗಡಿಯನ್ನು ರಾಜ್ಯಪುಷ್ಪ ಮಾಡಿಕೊಂಡಿದೆ, ಅಲ್ಲಿ ಬತುಕಮ್ಮ ಹಬ್ಬದ ಹೂಗೋಪುರಕ್ಕೆ ಇದು ಬೇಕೇ ಬೇಕು. ನಮಗೆ ಇದು ಬಹುಕಾಲ ಚರ್ಮ ಹದ ಮಾಡುವ ತೊಗಟೆಯಷ್ಟೇ. ಬೆಳೆಸುವುದು ಕಷ್ಟವಲ್ಲ, ಬೀಜ ಮೊಳೆಸುವುದೊಂದೇ ಸ್ವಲ್ಪ ತಾಳ್ಮೆಯ ಕೆಲಸ. ಸಿಪ್ಪೆ ಬಲು ಗಟ್ಟಿ. ಉಪ್ಪುಕಾಗದದ ಮೇಲೆ ಹಗುರವಾಗಿ ಉಜ್ಜಿ, ಒಂದು ರಾತ್ರಿ ನೆನೆಹಾಕಿ ಬಿತ್ತಬೇಕು. ತಾಯಿಬೇರು ಆಳಕ್ಕಿಳಿಯುವ ಗಿಡವಾದ್ದರಿಂದ ಬೆಳೆದದ್ದನ್ನು ಕಿತ್ತು ನೆಟ್ಟರೆ ಮುನಿಸಿಕೊಳ್ಳುತ್ತದೆ. ಮುಂಗಾರು ಶುರುವಾದಾಗ ಬೆಳೆಯಬೇಕಾದ ಜಾಗದಲ್ಲೇ ಬೀಜ ಊರುವುದು ಲೇಸು. ದಿನವಿಡೀ ಬಿಸಿಲು, ನೀರು ನಿಲ್ಲದ ನೆಲ, ಮೊದಲ ವರ್ಷ ಆಗಾಗ ಒಂದಿಷ್ಟು ನೀರು. ಆಮೇಲೂ ಪ್ರೀತಿ ಹೆಚ್ಚಾಗಿ ದಿನಾ ಕೊಡಗಟ್ಟಲೆ ಸುರಿದರೆ ಬೇರು ಕೊಳೆಯುತ್ತದೆ. ಹೂ ಮುಗಿದ ಮೇಲೆ ತುದಿಗಳನ್ನು ಸವರಿದರೆ ಪೊದೆ ತುಂಬಿಕೊಳ್ಳುತ್ತದೆ. ಎಲೆಯ ಮೇಲೆ ಹಸಿರು ಹುಳು ಕಂಡರೆ ಔಷಧದ ಡಬ್ಬಿ ಹುಡುಕಬೇಕಿಲ್ಲ: ಅವು ಬಹುಪಾಲು ಎಮಿಗ್ರಂಟ್ ಚಿಟ್ಟೆಯ ಮರಿಗಳು, ತಿಂದಷ್ಟನ್ನು ಗಿಡ ಮತ್ತೆ ಚಿಗುರಿಸಿಕೊಳ್ಳುತ್ತದೆ. ಹೂವಿನಲ್ಲಿ ಮಕರಂದವಿಲ್ಲ, ಆದರೂ ದುಂಬಿಗಳ ಜಾತ್ರೆ! ಪರಾಗಕೋಶದ ತುದಿಯಲ್ಲಿರುವುದು ಪುಟ್ಟ ತೂತು. ದುಂಬಿ ಹೂವನ್ನು ಅಪ್ಪಿ ಹಿಡಿದು ಮೈ ಅದುರಿಸಿ ಝೇಂಕರಿಸಿದಾಗಲೇ ಪರಾಗ ಉದುರುವುದು. ರಸ ಹೀರಲು ಬಂದು ಕೂತ ಚಿಟ್ಟೆಗೆ ಇಲ್ಲಿ ಏನೂ ಗಿಟ್ಟದು.